ಬೈಗುಳಕ್ಕೆ ಒಗ್ಗಿದವಳು

ದೊಡ್ಡಮ್ಮನಿಗೆ ಹೇಳಿಕೊಳ್ಳುವಂಥ ಹೆಮ್ಮೆ ಇದ್ದದ್ದು ಒಂದೇ: ಅತ್ತೆಯ ಬಾಯಿಗೆ ತಾನು ಒಗ್ಗಿಹೋಗಿದ್ದೇನೆ ಎಂಬುದು. ಮದುವೆಯಾದ ಹೊಸತರಲ್ಲಿ ಆ ಬಾಯಿ ತೆರೆದರೆ ಸಾಕು, ಬಚ್ಚಲುಮನೆಗೆ ಓಡಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು. ಈಗ ಎಷ್ಟು ಬೈದರೂ ಎಮ್ಮೆ ಮೇಲೆ ಮಳೆ ಸುರಿದ ಹಾಗೆ. ಹಾಗೆಂದು ಅವಳೇ ಎಲ್ಲರಿಗೂ ಹೇಳುತ್ತಿದ್ದಳು. ತನ್ನನ್ನು ತಾನೇ ಎಮ್ಮೆ ಎಂದುಕೊಂಡು ಇಷ್ಟು ಖುಷಿಪಟ್ಟ ಹೆಂಗಸು ಇನ್ನೊಬ್ಬಳು ಸಿಗಲಿಕ್ಕಿಲ್ಲ. ಈ ಹೆಮ್ಮೆಯ ಗುಂಗಿನಲ್ಲೇ ಅವಳು ಅತ್ತೆಯನ್ನು ಕಳೆದುಕೊಳ್ಳುವುದರಲ್ಲಿದ್ದಳು. ಇಲ್ಲಿ ಹೇಳಬೇಕಾದದ್ದು ಅದನ್ನೇ.

ಅವಳ ಕೆಲಸ ಜೀವಕೋಶ ಸಾಕುವುದು. ಲೋಕದಲ್ಲಿ ಕೋಳಿ ಸಾಕುವವರಿದ್ದಾರೆ, ಹಗೆ ಸಾಕುವವರಿದ್ದಾರೆ. ದೊಡ್ಡಮ್ಮ ಒಂದು ಸಂಶೋಧನಾ ಸಂಸ್ಥೆಯ ಮೂರನೇ ಮಹಡಿಯಲ್ಲಿ, ಕಿಟಕಿಯೇ ಇಲ್ಲದ ಕೋಣೆಯಲ್ಲಿ, ಪ್ಲಾಸ್ಟಿಕ್ ಫ್ಲಾಸ್ಕುಗಳ ತಳಕ್ಕೆ ಅಂಟಿಕೊಂಡು ಬೆಳೆಯುವ ಕೋಶಗಳನ್ನು ಸಾಕುತ್ತಿದ್ದಳು. ಯಾವ ಕಾಲದಲ್ಲೋ ತೀರಿಹೋದ ಯಾರದೋ ಮೈಯ ಗಡ್ಡೆಯಿಂದ ತೆಗೆದವು ಅವು. ಒಡೆಯ ಹೋದರೂ ಅವು ಹೋಗಿರಲಿಲ್ಲ. ಅವಕ್ಕೆ ಮೈಯಷ್ಟೇ ಬೆಚ್ಚಗಿರುವ ಇನ್‌ಕ್ಯುಬೇಟರ್ ಬೇಕು, ಹೊತ್ತುಹೊತ್ತಿಗೆ ಗುಲಾಬಿ ಬಣ್ಣದ ಆಹಾರದ ನೀರು ಬೇಕು, ಸಂಸಾರ ದೊಡ್ಡದಾಗಿ ಜಾಗ ಸಾಲದಾದಾಗ ಪಾಲು ಮಾಡಿ ಬೇರೆ ಮನೆ ಹೂಡಿಕೊಡಬೇಕು. ಹಸಿದರೆ ನೀರು ಹಳದಿಯಾಗುತ್ತದೆ. ಸತ್ತವು ತಳ ಬಿಟ್ಟು ತೇಲುತ್ತವೆ, ಬದುಕಿದವು ಅಂಟಿಕೊಂಡಿರುತ್ತವೆ. ಮನುಷ್ಯರ ಸಂಸಾರವೂ ಅಷ್ಟೇ ಎಂದು ಕೆಲಸ ಕಲಿಯಲು ಬಂದವರಿಗೆಲ್ಲ ದೊಡ್ಡಮ್ಮ ಪಾಠ ಹೇಳುತ್ತಿದ್ದಳು.

ಮೊದಲು ಅವಳು ಅಲ್ಲಿಗೆ ಸೇರಿದ್ದು ಗಾಜಿನ ಸಾಮಾನು ತೊಳೆಯಲು. ಕೋಶ ನೋಡಿಕೊಳ್ಳುತ್ತಿದ್ದವನು ಒಮ್ಮೆ ರಜೆ ಹಾಕಿ ಹೋದವನು ತಿರುಗಿ ಬರಲೇ ಇಲ್ಲ. ಲ್ಯಾಬಿನ ಮುಖ್ಯಸ್ಥೆ, ಎಲ್ಲರೂ ಮೇಡಂ ಎನ್ನುವವರು, ಸಿಂಕಿನ ಹತ್ತಿರ ಬಂದು, "ನಿಮಗೆ ಕೈ ನಡುಗಲ್ಲ ತಾನೇ?" ಎಂದು ಕೇಳಿದರು.

"ಅತ್ತೆ ಎದುರು ನಿಂತು ಲೋಟ ತೊಳೆದ ಕೈ ಮೇಡಂ ಇದು," ಎಂದಳು ದೊಡ್ಡಮ್ಮ. ಸಂದರ್ಶನ ಅಲ್ಲಿಗೇ ಮುಗಿಯಿತು.

ಆ ಅತ್ತೆ ಮನೆಯಲ್ಲಿ ಕೂರುತ್ತಿದ್ದ ಜಾಗದಿಂದ ಒಲೆ, ನಲ್ಲಿ, ಬೀದಿ ಬಾಗಿಲು ಮೂರೂ ಕಾಣುತ್ತಿದ್ದವು. ಕುರ್ಚಿಯನ್ನು ಅಲ್ಲಿ ಹಾಕಿಸಿಕೊಂಡದ್ದೇ ಅದಕ್ಕಾಗಿ. ಬಾಗಿಲು ಜೋರಾಗಿ ಹಾಕಿದರೆ ಒಂದು ಮಾತು, ಮೆಲ್ಲಗೆ ಹಾಕಿದರೆ "ಕಳ್ಳರ ಹಾಗೆ ಯಾಕೆ ಬರ್ತೀಯ" ಎಂದು ಇನ್ನೊಂದು. ಆ ಮನೆಯ ಕಾನೂನುಗಳಲ್ಲಿ ಎಲ್ಲಕ್ಕಿಂತ ದೊಡ್ಡದು, ಹಳೆಯದು ಮುಗಿಯದೆ ಹೊಸದನ್ನು ಒಡೆಯಬಾರದು ಎಂಬುದು. ಹಳೆಯ ಸೋಪಿನ ಚೂರನ್ನು ಹೊಸ ಸೋಪಿಗೆ ಅಂಟಿಸಬೇಕು. ಎಣ್ಣೆಯ ಸೀಸೆಯನ್ನು ರಾತ್ರಿಯಿಡೀ ತಲೆಕೆಳಗಾಗಿ ನಿಲ್ಲಿಸಿ, ಬೆಳಿಗ್ಗೆ ಇಳಿದ ಹನಿಯನ್ನು ಬಳಸಿದ ಮೇಲೆಯೇ ಇನ್ನೊಂದರ ಮುಚ್ಚಳಕ್ಕೆ ಕೈ ಹಾಕಬೇಕು. ದೊಡ್ಡಮ್ಮನ ಗಂಡ ತಕ್ಕಡಿ ರಿಪೇರಿಯವನು, ಮನೆಯ ಕೆಳಗೇ ಅಂಗಡಿ. ತಾಯಿ ಮತ್ತು ಹೆಂಡತಿಯ ನಡುವೆ ಮುಳ್ಳು ಯಾವ ಕಡೆಗೂ ವಾಲದಂತೆ ಬದುಕುವುದನ್ನು ಅವನು ಕಲಿತಿದ್ದ. ಅಂದರೆ ಬಾಯಿ ಬಿಡುತ್ತಿರಲಿಲ್ಲ.

ಹೀಗಿರುವಾಗ ಲ್ಯಾಬಿಗೆ ಸಂಶೋಧನೆ ಮಾಡಲು ಒಬ್ಬ ಹುಡುಗಿ ಬಂದಳು. ಲಿಫ್ಟಿಗೆ ಕಾಯುವ ತಾಳ್ಮೆಯಿಲ್ಲದೆ ಮೆಟ್ಟಿಲು ಹತ್ತುವವಳು, ಅದನ್ನೂ ಎರಡೆರಡಾಗಿ. ವಾರ ಕಳೆಯುವುದರೊಳಗೆ ಅವಳಿಗೆ ‘ಅವಸರ’ ಎಂದು ಹೆಸರು ಬಿತ್ತು. ಅವಳಿಗೆ ಬೇಕಾದದ್ದು ಇಂಟರ್‌ಫೆರಾನ್ ಎಂಬ ವಸ್ತುವಿಗೆ ಸಾಯದ ಕೋಶಗಳು.

"ಇಂಟರ್‌ಫೆರಾನ್ ಅಂದ್ರೆ ಒಂದು ಬೊಬ್ಬೆ ಅಂತಿಟ್ಕೊಳ್ಳಿ ದೊಡ್ಡಮ್ಮ," ಎಂದು ಅವಸರ ವಿವರಿಸಿದಳು. "ಒಂದು ಕೋಶಕ್ಕೆ ವೈರಸ್ ನುಗ್ಗಿದ್ರೆ ಅದು ಅಕ್ಕಪಕ್ಕದವರಿಗೆಲ್ಲ ಕೂಗಿ ಹೇಳುತ್ತೆ. ಕೇಳಿಸಿಕೊಂಡವರು ಬಾಗಿಲು ಹಾಕ್ಕೊಂಡು ಹುಷಾರಾಗ್ತಾರೆ."

"ಒಳ್ಳೇದೇ ಅಲ್ವಾ ಮತ್ತೆ?"

"ಸ್ವಲ್ಪ ಹೊತ್ತಾದ್ರೆ ಒಳ್ಳೇದು. ಬೊಬ್ಬೆ ನಿಲ್ಲದೇ ಹೋದ್ರೆ ಕಷ್ಟ. ಕೆಲಸ ಬಿಡ್ತವೆ, ಬೆಳೆಯೋದು ಬಿಡ್ತವೆ, ಕೊನೆಗೆ ತಮ್ಮಷ್ಟಕ್ಕೆ ತಾವೇ ಸಾಯ್ತವೆ. ವೈರಸ್ಸೇ ಬರಬೇಕು ಅಂತಿಲ್ಲ, ಬೊಬ್ಬೆನೇ ಸಾಕು."

"ಅದು ನನಗೆ ಗೊತ್ತು ಬಿಡು," ಎಂದಳು ದೊಡ್ಡಮ್ಮ.

ಇದನ್ನು ಔಷಧವಾಗಿಯೂ ಕೊಡುತ್ತಾರಂತೆ. ಕೆಲವು ರೋಗಿಗಳ ಗಡ್ಡೆ ಮೊದಮೊದಲು ಕುಗ್ಗಿ, ಆಮೇಲೆ ಇಂಟರ್‌ಫೆರಾನಿಗೆ ಜಗ್ಗುವುದೇ ಇಲ್ಲ. ಏಕೆ ಎಂದು ತಿಳಿಯಬೇಕಾದರೆ ಅಂಥ ಕೋಶಗಳನ್ನು ಫ್ಲಾಸ್ಕಿನಲ್ಲೇ ತಯಾರು ಮಾಡಬೇಕು. ಮೊದಲು ಚೂರೇ ಚೂರು ಹಾಕುವುದು. ಬಹಳಷ್ಟು ಸಾಯುತ್ತವೆ. ಉಳಿದ ನಾಲ್ಕಾರು ಬೆಳೆದು ತಳ ತುಂಬಿದ ಮೇಲೆ ಇನ್ನಷ್ಟು ಹಾಕುವುದು. ಹೀಗೆ ಏರಿಸುತ್ತ ಹೋಗುವುದು.

"ಉಳಿಯೋವು ಬಹಳ ಗಟ್ಟಿ ಜೀವ ಅನ್ನು," ಎಂದಳು ದೊಡ್ಡಮ್ಮ.

"ಗಟ್ಟಿ ಅಂತಲ್ಲ. ಕೋಶದ ಮೈಮೇಲೆ ಆ ಬೊಬ್ಬೆ ಕೇಳಿಸಿಕೊಳ್ಳೋಕೆ ಒಂದು ಕಿವಿ ಇರುತ್ತೆ. ಉಳಿಯೋವು ಆ ಕಿವಿ ಇಲ್ಲದೇ ಇರೋವು. ಇಲ್ಲಾ, ಕಿವಿ ಇದ್ದು ಒಳಗಿನ ತಂತಿ ಕಡಿದುಹೋಗಿರೋವು. ನಾಳೆ ನಿಜವಾಗಿ ವೈರಸ್ ಬಂದ್ರೆ ಮೊದಲು ಹೋಗೋದು ಅವೇ. ಕೂಗು ಕೇಳಿಸಲ್ವಲ್ಲ!"

ಈ ಕೊನೆಯ ಮಾತನ್ನು ದೊಡ್ಡಮ್ಮ ಅಷ್ಟಾಗಿ ತಲೆಗೆ ಹಾಕಿಕೊಳ್ಳಲಿಲ್ಲ. ಬೊಬ್ಬೆಯ ನಡುವೆ ಬಾಳಿ ಗಟ್ಟಿಯಾಗುವುದು ತನ್ನದೇ ಕಥೆ ಎಂದು ಆಗಲೇ ಅವಳ ಮನಸ್ಸು ಉಬ್ಬಿತ್ತು.

ಇಂಟರ್‌ಫೆರಾನ್ ಬಂದದ್ದು ಬೆರಳ ತುದಿಯಷ್ಟು ಚಿಕ್ಕ ಸೀಸೆಗಳಲ್ಲಿ. ಕೊರೆಯುವ ಡೀಪ್ ಫ್ರೀಜರಿನಲ್ಲಿ ಇಡಬೇಕು, ಒಂದು ಸಲಕ್ಕೆ ಒಂದು ಸೀಸೆ ಕರಗಿಸಬೇಕು, ಬಳಸಿ ಉಳಿದದ್ದನ್ನು ಚೆಲ್ಲಬೇಕು. ಇದನ್ನು ಅವಸರ ಎರಡು ಸಲ ಹೇಳಿದ್ದಳು. ದೊಡ್ಡಮ್ಮ ಎರಡು ಸಲವೂ ತಲೆಯಾಡಿಸಿದ್ದಳು. ಆದರೆ ಮೊದಲ ದಿನ, ಸೀಸೆಯಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದದ್ದನ್ನು ಸಿಂಕಿನ ಮೇಲೆ ಹಿಡಿದಾಗ, ಹಿಂದೆ ಕುರ್ಚಿಯೊಂದು ಕಿರುಗುಟ್ಟಿದಂತಾಯಿತು. ಹಿಂದೆ ಯಾರೂ ಇರಲಿಲ್ಲ. ಆದರೂ ಅವಳ ಕೈ ಬಗ್ಗಲಿಲ್ಲ. ಉಳಿದದ್ದನ್ನು ಒಂದು ಟ್ಯೂಬಿಗೆ ಸುರಿದು ಮತ್ತೆ ಫ್ರೀಜರಿಗೆ ಇಟ್ಟಳು. ಮುಂದಿನ ಸಲ ಆ ಟ್ಯೂಬನ್ನೇ ಕರಗಿಸಿ ಹಾಕಿದಳು, ಮಿಕ್ಕಿದ್ದನ್ನು ಮತ್ತೆ ಗಟ್ಟಿಯಾಗಲು ಇಟ್ಟಳು. ಸಾಲದೆ ಬಂದಾಗ ಮಾತ್ರ ಹೊಸ ಸೀಸೆ, ಅದರ ಉಳಿಕೆಯೂ ಹಳೆಯ ಟ್ಯೂಬಿಗೇ. ಮನೆಯಲ್ಲಿ ಸೋಪಿಗೆ, ಎಣ್ಣೆಗೆ ನಡೆದುಬಂದ ಕಾನೂನು ಇಂಟರ್‌ಫೆರಾನಿಗೂ ಜಾರಿಯಾಯಿತು. ಇದನ್ನು ಯಾರಿಗಾದರೂ ಹೇಳಬೇಕು ಎಂದು ಅವಳಿಗೆ ಅನ್ನಿಸಲಿಲ್ಲ. ಅಚ್ಚುಕಟ್ಟಾಗಿ ಮನೆ ನಡೆಸುವುದನ್ನು ಯಾರಾದರೂ ಡಂಗುರ ಸಾರುತ್ತಾರೆಯೇ?

ಮೊದಮೊದಲು ಕೋಶಗಳು ದಂಡಿಯಾಗಿ ಸತ್ತವು. ತೇಲುತ್ತಿದ್ದವುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ದೊಡ್ಡಮ್ಮ ಲೊಚಗುಟ್ಟಿದಳು. ಪಕ್ಕದಲ್ಲೇ, ಇಂಟರ್‌ಫೆರಾನನ್ನು ಕಣ್ಣಲ್ಲೂ ಕಾಣದ ಇನ್ನೊಂದು ಫ್ಲಾಸ್ಕು ಸುಖವಾಗಿತ್ತು; ಅದಕ್ಕೆ ತಂಗಿ ಎಂದೂ, ಕಷ್ಟ ಪಡುತ್ತಿದ್ದುದಕ್ಕೆ ಅಕ್ಕ ಎಂದೂ ಅವಳು ಕರೆದಳು. ದಿನ ಕಳೆದ ಹಾಗೆ ಅಕ್ಕ ಚೇತರಿಸಿಕೊಂಡಳು. ಹೆಚ್ಚು ಹಾಕಿದರೂ ಸಾಯಲಿಲ್ಲ. ಇನ್ನೂ ಹೆಚ್ಚು ಹಾಕಿದರು, ಆಗಲೂ ಮಿಸುಕಲಿಲ್ಲ, ಬದಲಿಗೆ ದಷ್ಟಪುಷ್ಟವಾಗಿ ಬೆಳೆದಳು. ಅವಸರ ಮೆಟ್ಟಿಲನ್ನು ಮೂರು ಮೂರಾಗಿ ಹಾರತೊಡಗಿದಳು. ದೊಡ್ಡ ಸಭೆಯೊಂದರಲ್ಲಿ ಈ ಕೋಶಗಳ ಬಗ್ಗೆ ಮಾತಾಡಲು ಅವಳಿಗೆ ಕರೆ ಬಂತು. ಮೇಡಂ ಎಲ್ಲರ ಎದುರು ದೊಡ್ಡಮ್ಮನ ಕೈಗುಣವನ್ನು ಹೊಗಳಿದರು.

"ಕೈಗುಣ ಏನಿಲ್ಲ ಮೇಡಂ, ಅಭ್ಯಾಸ ಬಲ," ಎಂದಳು ದೊಡ್ಡಮ್ಮ. "ನಾನೂ ಹೀಗೇ ಅಲ್ವಾ ಗಟ್ಟಿಯಾಗಿದ್ದು."

ಮನೆಯಲ್ಲೂ ಅವಳ ಗಟ್ಟಿತನ ಆಗ ತುತ್ತತುದಿ ಮುಟ್ಟಿತ್ತು. ಒಂದು ಸಂಜೆ ಹಾಲು ಉಕ್ಕಿ ಒಲೆಯ ತುಂಬ ಹರಿಯಿತು; ಅತ್ತೆಯಿಂದ ಏನೂ ಬರಲಿಲ್ಲ, ಅಥವಾ ಬಂದದ್ದು ತನ್ನನ್ನು ತಟ್ಟಲಿಲ್ಲ ಎಂದುಕೊಂಡಳು. ಸೋಪಿನ ಚೂರನ್ನು ಬೇಕೆಂದೇ ಎಸೆದಳು, ಆಗಲೂ ಎದೆ ಡವಗುಟ್ಟಲಿಲ್ಲ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ ಎಂದು ಒಳಗೊಳಗೇ ಬೀಗಿದಳು. ಅತ್ತೆ ಬಿಸಿಲಿನ ಹೊತ್ತಿನಲ್ಲೂ ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದರು, ತೂಕಡಿಸುತ್ತಿದ್ದರು, ದನಿ ಒಡೆದಿತ್ತು. ವಯಸ್ಸಾಯಿತಲ್ಲ ಎಂದು ಗಂಡ ಹೆಂಡತಿ ಇಬ್ಬರೂ ಒಂದೇ ಮಾತಿನಲ್ಲಿ ಮುಗಿಸಿದ್ದರು.

ಆ ನಡುವೆ ನಾದಿನಿಯ ಮಗನ ಹೊಸ ಹೆಂಡತಿ ಎರಡು ದಿನ ಇದ್ದು ಹೋಗಲು ಬಂದಳು. ಪಾಪದ ಹುಡುಗಿ, ಯಾರಾದರೂ ಜೋರಾಗಿ ಕೆಮ್ಮಿದರೆ ಕಣ್ಣಲ್ಲಿ ನೀರು ತರುವಂಥವಳು. ದೊಡ್ಡಮ್ಮ ಅವಳನ್ನು ಅಡುಗೆಮನೆಗೆ ಕರೆದು, "ಅಜ್ಜಿ ಏನಾದ್ರೂ ಅಂದ್ರೆ ಮನಸ್ಸಿಗೆ ಹಚ್ಕೋಬೇಡಮ್ಮ," ಎಂದು ಮೊದಲೇ ಧೈರ್ಯ ತುಂಬಿದಳು. ಹುಡುಗಿ ಬಂದ ದಿನವೇ ಅತ್ತೆಯ ಗಾಜಿನ ಲೋಟ ಒಡೆದಳು. ಹೊರಡುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತ, "ನೀವು ಸುಮ್ನೆ ಹೆದರಿಸಿದ್ರಿ. ಅಜ್ಜಿ ಎಷ್ಟು ಮೆತ್ತಗಿದ್ದಾರೆ! ಒಂದು ಮಾತೂ ಆಡಲಿಲ್ಲ," ಎಂದಳು. ಈಗಿನ ಹುಡುಗಿಯರು ಹುಟ್ಟುವಾಗಲೇ ಗಟ್ಟಿ ಎಂದುಕೊಂಡು ದೊಡ್ಡಮ್ಮ ಬಾಗಿಲು ಹಾಕಿದಳು.

ಸಭೆ ಹತ್ತಿರವಾದಾಗ ಮೇಡಂ ಅವಸರಳನ್ನು ಕೂರಿಸಿಕೊಂಡು ಒಂದೊಂದೇ ಕೇಳುತ್ತ ಬಂದರು. ಕೊನೆಗೆ, "ಅಕ್ಕನಿಗೆ ಹಾಕ್ತಿರೋ ಇಂಟರ್‌ಫೆರಾನನ್ನೇ ತಂಗಿಗೆ ಹಾಕಿ ನೋಡಿದ್ಯಾ?" ಎಂದರು.

"ಶುರುವಿನಲ್ಲಿ ತಂಗಿಯಿಂದ ಸ್ವಲ್ಪ ಬೇರೆ ತೆಗೆದು ಹಾಕಿ ನೋಡಿದ್ದೆ ಮೇಡಂ. ಸತ್ತಿದ್ವು."

"ಶುರುವಿನಲ್ಲಲ್ಲ. ಈಗ."

ಈಗ ಹಾಕಿರಲಿಲ್ಲ. ತಂಗಿ ಸಾಯುವುದು ಗೊತ್ತೇ ಇದ್ದಾಗ ಯಾಕೆ ಸುಮ್ಮನೆ ಕೊಲ್ಲುವುದು ಎಂದು ಬಿಟ್ಟಿದ್ದರು. ದೊಡ್ಡಮ್ಮ ಟ್ಯೂಬನ್ನು ಕರಗಿಸಿ, ಅಕ್ಕನಿಗೆ ಹಾಕುವಷ್ಟನ್ನೇ ತಂಗಿಗೂ ಹಾಕಿದಳು. ಬೊಬ್ಬೆಯ ಗಂಧವೇ ಇಲ್ಲದೆ ಬೆಳೆದ ಕೂಸು, ಎಂದು ಅವಳಿಗೆ ಅಯ್ಯೋ ಅನ್ನಿಸಿತು. ಕೆಲವು ದಿನ ಬಿಟ್ಟು ಮೂವರೂ ಸೂಕ್ಷ್ಮದರ್ಶಕದ ಮುಂದೆ ನಿಂತರು.

ತಂಗಿ ಸತ್ತಿರಲಿಲ್ಲ. ಒಂದು ಕೋಶವೂ ತೇಲುತ್ತಿರಲಿಲ್ಲ.

ಅವಸರ ಮೂರು ಸಲ ನೋಡಿದಳು. ಮೇಡಂ ಒಂದೇ ಸಲ ನೋಡಿ, ದೊಡ್ಡಮ್ಮನ ಕಡೆ ತಿರುಗಿ, "ಸೀಸೆಯಲ್ಲಿ ಉಳಿದದ್ದನ್ನು ಏನು ಮಾಡ್ತೀರಿ?" ಎಂದರು.

"ಫ್ರೀಜರಿಗೆ ಇಡ್ತೀನಿ ಮೇಡಂ. ಒಂದು ಹನಿನೂ ದಂಡ ಮಾಡಿಲ್ಲ."

ಕರಗಿಸಿ ಗಟ್ಟಿ ಮಾಡಿ, ಮತ್ತೆ ಕರಗಿಸಿ ಗಟ್ಟಿ ಮಾಡಿದರೆ ಇಂಟರ್‌ಫೆರಾನ್ ಸತ್ವ ಕಳೆದುಕೊಳ್ಳುತ್ತದೆ ಎಂದು ಮೇಡಂ ಮೆಲ್ಲಗೆ ತಿಳಿಹೇಳಿದರು. ಅಳತೆಯಲ್ಲಿ ಹೆಚ್ಚುತ್ತ ಹೋದದ್ದು ಬರೀ ನೀರು. ಇಷ್ಟು ದಿನದ ಕೆಲಸ ಹೊಳೆಯಲ್ಲಿ ಹುಣಸೇಹಣ್ಣು ತೊಳೆದಂತಾಗಿತ್ತು.

"ಅಂದ್ರೆ ಅಕ್ಕ ಗಟ್ಟಿಯಾಗಿರಲಿಲ್ವಾ?" ಎಂದಳು ದೊಡ್ಡಮ್ಮ.

"ಇಲ್ಲ. ಬೊಬ್ಬೆ ಸಣ್ಣಗಾಗಿತ್ತು," ಎಂದರು ಮೇಡಂ.

ಅವಸರಳ ಕಣ್ಣು ತುಂಬಿ ಬಂತು. ಅವಳ ಕೈ ಹಿಡಿದುಕೊಂಡು ತಪ್ಪಾಯಿತು ಎನ್ನಬೇಕಿತ್ತು ದೊಡ್ಡಮ್ಮ. ಬಾಯಿ ತೆರೆದದ್ದೂ ಹೌದು. ಆದರೆ ಆ ಗಳಿಗೆಯಲ್ಲಿ ಅವಳಿಗೆ ಕಂಡದ್ದು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ ಆ ಹೊಸ ಹುಡುಗಿ. ಬೊಬ್ಬೆಯ ಗಂಧವೇ ಇಲ್ಲದ ಆ ಕೂಸಿಗೂ ಅತ್ತೆಯ ಬಾಯಿ ತಟ್ಟಿರಲಿಲ್ಲ. ಹಾಗಾದರೆ ಮನೆಯಲ್ಲೂ ಸಣ್ಣಗಾದದ್ದು ಬೊಬ್ಬೆಯೇ.

"ಮೇಡಂ, ನನಗೆ ಈಗಲೇ ಮನೆಗೆ ಹೋಗಬೇಕು," ಎಂದಳು.

ಬೈಗುಳ ತಿನ್ನುವ ಮೊದಲೇ ಓಡುತ್ತಿದ್ದಾಳೆ ಎಂದು ಅವಸರ ಅಂದುಕೊಂಡಿದ್ದರೆ ತಪ್ಪಲ್ಲ. ದೊಡ್ಡಮ್ಮ ಹೊರಟಿದ್ದು ಬೈಗುಳ ಹುಡುಕಿಕೊಂಡು.

ಮನೆಗೆ ಬಂದವಳೇ ಬೀದಿ ಬಾಗಿಲನ್ನು ದಢಾರನೆ ಹಾಕಿದಳು. ಅತ್ತೆ ಕಣ್ಣೆತ್ತಿ ನೋಡಿ ಮತ್ತೆ ಮುಚ್ಚಿದರು. ಚಪ್ಪಲಿ ಕಾಲಲ್ಲೇ ಅಡುಗೆಮನೆಗೆ ನಡೆದಳು. ನಲ್ಲಿಯನ್ನು ಪೂರ್ತಿ ತಿರುಗಿಸಿ ಬಿಟ್ಟಳು. ಮುಗಿಯದ ಎಣ್ಣೆ ಸೀಸೆಯನ್ನು ಪಕ್ಕಕ್ಕೆ ತಳ್ಳಿ, ಹೊಸದನ್ನು ಅತ್ತೆಯ ಕಣ್ಣೆದುರಿಗೇ ಹಿಡಿದು ಮುಚ್ಚಳ ತಿರುವಿದಳು.

"ಅತ್ತೆ, ಹೊಸ ಸೀಸೆ ಒಡೆದೆ."

"ಹೂಂ," ಎಂದರು ಅತ್ತೆ. ಸ್ವಲ್ಪ ಹೊತ್ತಾದ ಮೇಲೆ, "ಆಗಲಿ ಬಿಡಮ್ಮ," ಎಂದರು.

ಇಷ್ಟು ವರ್ಷಗಳಲ್ಲಿ ಅತ್ತೆ ಅವಳನ್ನು ಅಮ್ಮ ಎಂದದ್ದು ಅದೇ ಮೊದಲು. ದೊಡ್ಡಮ್ಮ ನೆಲದ ಮೇಲೆ ಕೂತು ಅವರ ಕೈ ಹಿಡಿದುಕೊಂಡಳು. ಕೈ ತಣ್ಣಗಿತ್ತು, ಚರ್ಮ ಒಣಗಿ ಸಿಪ್ಪೆಯಾಗಿತ್ತು, ಮುಖ ಊದಿಕೊಂಡಿತ್ತು, ಹುಬ್ಬಿನ ಕೂದಲು ಅರ್ಧ ಉದುರಿತ್ತು. ಪ್ರತಿದಿನ ಎದುರಿಗೇ ಇದ್ದ ಮುಖ ಇದು. ಫ್ಲಾಸ್ಕಿನಲ್ಲಿ ನೀರಿನ ಬಣ್ಣ ಒಂದಿಷ್ಟು ಬದಲಾದರೂ ಕಂಡುಹಿಡಿಯುವ ಕಣ್ಣಿಗೆ ಇದೊಂದೂ ಬಿದ್ದಿರಲಿಲ್ಲ. ಬಿದ್ದಿರಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಅವರು ಸುಮ್ಮನಿದ್ದಾರಲ್ಲ, ಅಷ್ಟು ಸಾಕು ಎಂದು ಆ ಕಣ್ಣು ಬೇರೆ ಕಡೆ ತಿರುಗಿತ್ತು. ಅವಳು ಕೆಳಗಿಳಿದು ಗಂಡನ ಅಂಗಡಿಯ ಬಾಗಿಲು ತಾನೇ ಎಳೆದಳು.

"ಏಳಿ. ಅತ್ತೆನ ಡಾಕ್ಟರ ಹತ್ತಿರ ಕರ್ಕೊಂಡು ಹೋಗಬೇಕು."

"ಯಾಕೆ, ಏನಂದ್ರು?"

"ಏನೂ ಅನ್ನಲಿಲ್ಲ. ಅದಕ್ಕೇ."

ತಕ್ಕಡಿಯವನಿಗೆ ಆ ಕಾರಣ ಸಾಕಾಯಿತು. ಅವನು ಗಿರಾಕಿಯ ತಕ್ಕಡಿಯನ್ನು ಹಾಗೇ ಬಿಟ್ಟು ಎದ್ದ.

ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ನೋಡಿ, ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ ಕೆಲಸ ಮಾಡುವುದನ್ನು ಹೆಚ್ಚುಕಡಿಮೆ ನಿಲ್ಲಿಸಿದೆ ಎಂದರು. ಮೈಯ ಬಿಸಿ, ಚುರುಕು, ದನಿ ಎಲ್ಲವೂ ಅದರ ಕೈಯಲ್ಲಿ. ಮನೆಯವರು ಇದನ್ನು ವಯಸ್ಸು ಎಂದುಕೊಂಡು ಕೂರುವುದೇ ಹೆಚ್ಚು ಎಂದರು. ಹೀಗೇ ಬಿಟ್ಟಿದ್ದರೆ ಒಂದು ದಿನ ನಿದ್ದೆಯಿಂದ ಏಳುತ್ತಿರಲಿಲ್ಲ ಎಂದೂ ಹೇಳಿದರು. "ಎಷ್ಟು ದಿನದಿಂದ ಹೀಗಿದ್ದಾರೆ?" ಎಂದು ಕೇಳಿದಾಗ ಮಗ ಸೊಸೆಯ ಮುಖ ನೋಡಿದ, ಸೊಸೆ ಗೋಡೆಯ ಮೇಲಿನ ಗಡಿಯಾರ ನೋಡಿದಳು. ಮಾತ್ರೆ ಶುರುವಾಯಿತು. ಗುಣ ಕಾಣಲು ಬಹಳ ದಿನ ಹಿಡಿಯುತ್ತದೆ, ಪೂರ್ತಿ ಮೊದಲಿನಂತೆ ಆಗುತ್ತಾರೋ ಇಲ್ಲವೋ ಈಗಲೇ ಹೇಳಲಾಗದು ಎಂದರು.

ಲ್ಯಾಬಿನಲ್ಲಿ ದೊಡ್ಡಮ್ಮ ಅವಸರಳ ಕ್ಷಮೆ ಕೇಳಿದಳು. ಅವಸರ, "ಕೇಳೋದು ಬೇಡ ದೊಡ್ಡಮ್ಮ, ನಾನೂ ತಂಗಿನ ಪರೀಕ್ಷೆ ಮಾಡಬೇಕಿತ್ತು," ಎಂದಳು, ಆದರೆ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಸಭೆಗೆ ಬರುವುದಿಲ್ಲ ಎಂದು ತಿಳಿಸಿಬಿಟ್ಟಳು. ಯಾರೂ ಮುಟ್ಟದೆ ಉಳಿದಿದ್ದ ಹೊಸ ಸೀಸೆಯಿಂದ ಅಕ್ಕನಿಗೆ ಹಾಕಿದರು. ದಷ್ಟಪುಷ್ಟವಾಗಿದ್ದ ಅಕ್ಕ ಮೊದಲ ದಿನದ ಹಾಗೇ ಸತ್ತಳು. ಮೂಲೆಯಲ್ಲಿ ನಾಲ್ಕಾರು ಕೋಶ ಅಂಟಿಕೊಂಡು ಉಳಿದಿದ್ದವು. ಅವನ್ನು ಇಟ್ಟುಕೊಂಡು ಮತ್ತೆ ಮೊದಲಿನಿಂದ ಶುರುಮಾಡಿದರು. ಈ ಸಲ ಉಳಿಕೆಯನ್ನು ದೊಡ್ಡಮ್ಮ ಕಣ್ಣು ಮುಚ್ಚಿಕೊಂಡು ಚೆಲ್ಲಿದಳು.

ಮನೆಗೆ ಬಂದರೆ ಅವಳದು ಒಂದೇ ಕೆಲಸ, ಕುರ್ಚಿಯ ಕಡೆ ಕಿವಿಯಿಟ್ಟು ಕಾಯುವುದು. ಮಾತ್ರೆಯನ್ನು ತಾನೇ ಕೊಟ್ಟು, ನುಂಗುವವರೆಗೆ ನಿಂತಿರುತ್ತಿದ್ದಳು. ಅತ್ತೆ ಮೊದಲು ಸ್ವೆಟರ್ ಬಿಚ್ಚಿದರು. ಆಮೇಲೆ ಹಗಲು ತೂಕಡಿಸುವುದು ಬಿಟ್ಟರು. ಒಂದು ಸಂಜೆ ಎದ್ದು ಕಿಟಕಿಯವರೆಗೆ ನಡೆದು ಬೀದಿ ನೋಡಿದರು. ಮಾತು ಮಾತ್ರ ಬರಲಿಲ್ಲ. ಆ ಬಾಯಿ ಇನ್ನು ತೆರೆಯುವುದೇ ಇಲ್ಲವೇನೋ ಎಂದು ದೊಡ್ಡಮ್ಮನಿಗೆ ಹೆದರಿಕೆಯಾಯಿತು. ಅತ್ತೆ ಇಲ್ಲದ ಮನೆಯನ್ನು ಅವಳು ಎಷ್ಟೋ ಸಲ ಬಯಸಿದ್ದಳು. ಅಂಥ ಮನೆ ಎದುರಿಗೆ ಬಂದು ನಿಂತಾಗ ಅದರೊಳಗೆ ಕಾಲಿಡುವ ಧೈರ್ಯ ಅವಳಿಗಿರಲಿಲ್ಲ.

ಒಂದು ಮಧ್ಯಾಹ್ನ, ರಜೆಯ ದಿನ, ಅವಳು ಅತ್ತೆಯ ತಲೆಗೂದಲು ಬಾಚುತ್ತಿದ್ದಳು. ಗಂಡ ಕಿಟಕಿಯ ಹತ್ತಿರ ಪೇಪರು ಹಿಡಿದು ಕೂತಿದ್ದ.

"ನಾನು ಬಾಯಿ ಮುಚ್ಕೊಂಡಾಗ ನಿನಗೆ ಹಾಯಾಗಿತ್ತು, ಅಲ್ವಾ?" ಎಂದರು ಅತ್ತೆ.

ದನಿಯಲ್ಲಿ ಒಡಕಿರಲಿಲ್ಲ. ಬಾಚಣಿಗೆ ನಿಂತಿತು.

"ಈ ಮನೇಲಿ ನಾಯಿ ಎರಡು ದಿನ ಬೊಗಳದೇ ಇದ್ದಿದ್ರೂ ಏನಾಯ್ತು ಅಂತ ಯಾರಾದ್ರೂ ಬಂದು ನೋಡಿರೋರು. ನಾನು ಮಾತು ಬಿಟ್ಟೆ. ಚಳಿ ಅಂತ ನಡುಗಿದೆ. ನೀನು ನನ್ನ ಎದುರಿಗೇ ಓಡಾಡ್ಕೊಂಡಿದ್ದೆ, ಹಾಡು ಬೇರೆ ಗುನುಗ್ಕೊಂಡು. ಯಾಕೆ ಅತ್ತೆ ಸುಮ್ಮನಿದ್ದೀರಿ ಅಂತ ಒಂದು ಮಾತು ಕೇಳಿದ್ಯಾ?"

ದೊಡ್ಡಮ್ಮನಿಗೆ ಅತ್ತೆಯ ಬೈಗುಳಗಳೆಲ್ಲ ಬಾಯಿಪಾಠ. ಇದು ಅವುಗಳಲ್ಲಿ ಇರಲಿಲ್ಲ. ಉಳಿದವನ್ನೆಲ್ಲ ಅನ್ಯಾಯ ಎಂದು ತಳ್ಳಿಹಾಕಿ ಬದುಕಬಹುದಿತ್ತು, ಇದನ್ನು ತಳ್ಳಿಹಾಕುವಂತಿರಲಿಲ್ಲ. ಮುಖ ಕಿವಿಯವರೆಗೂ ಬಿಸಿಯಾಯಿತು. ಮದುವೆಯಾದ ಹೊಸತರಲ್ಲೂ ಇಷ್ಟು ಉರಿದಿರಲಿಲ್ಲ. ಬಚ್ಚಲುಮನೆಗೆ ಓಡಲು ಕಾಲೆತ್ತಿದಳು. ಆದರೆ ಕೈಯಲ್ಲಿ ಅತ್ತೆಯ ಜಡೆ ಇತ್ತು.

"ಹೌದು ಅತ್ತೆ," ಎಂದಳು ಅಳುತ್ತಲೇ. "ಹಾಯಾಗಿತ್ತು."

ಪೇಪರು ಮೆಲ್ಲಗೆ ಕೆಳಗಿಳಿಯಿತು. ಅತ್ತೆ ತಿರುಗಲಿಲ್ಲ. ಈ ಸಲದ ಮೌನ ಯಾವುದೆಂದು ತಿಳಿಯದೆ ದೊಡ್ಡಮ್ಮ ಬಗ್ಗಿ ಅವರ ಮುಖ ನೋಡಿದಳು. ಅವರೂ ಅಳುತ್ತಿದ್ದರು.

"ನೋಡ್ತಾ ಏನು ನಿಂತಿದ್ದೀಯ?" ಎಂದರು ಅತ್ತೆ. "ಜಡೆ ಹಾಕು. ಬಿಗಿಯಾಗಿ ಹಾಕು."